ಗರಗಸದ ಊಟ ಮತ್ತು ನಾಲ್ಕು ಹಲ್ಲು

ಕಂಪ್ಲಿಯಲ್ಲಿ ನಾನು ಕೂಡಿಸಿದ ಬಾಗಿಲುಗಳಲ್ಲಿ ಒಂದಾದರೂ ಮಳೆಗಾಲಕ್ಕೆ ನೆಲ ಕೆರೆದದ್ದನ್ನು ಯಾರಾದರೂ ತೋರಿಸಲಿ, ಆ ಬಾಗಿಲನ್ನು ಬೆನ್ನ ಮೇಲೆ ಹೊತ್ತು ಊರು ಸುತ್ತುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಕೈಕೆಳಗೆ ಬಡಿಗತನಕ್ಕೆ ನಿಂತವನು ನಾನು. ಇಂಗ್ಲಿಷು ಬರುವುದಿಲ್ಲ, ಬೀಜಗಣಿತ ಬರುವುದಿಲ್ಲ. ಆದರೆ ಮರದ ತುಂಡೊಂದನ್ನು ನೋಡಿದರೆ ಅದು ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಎಂದು ಕಣ್ಣೇ ಹೇಳುತ್ತದೆ. ಅಂಥವನ ಎದುರು ಕೂತು ಹೊಸಪೇಟೆಯ ಡಾಕ್ಟರಮ್ಮ ಒಬ್ಬರು, ನಿಮ್ಮ ಮಗಳ ಬಾಯಲ್ಲಿ ಅವಳ ಹಲ್ಲುಗಳೇ ಕೂಡುವುದಿಲ್ಲ ಅಂದುಬಿಟ್ಟರು.

ಮಗಳು ಆಗ ಒಂಬತ್ತನೇ ತರಗತಿ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ. ಚಿಕ್ಕವಳಿದ್ದಾಗ ಅವಳು ಒಳಗೆ ನಕ್ಕರೆ ಬೀದಿಯಲ್ಲಿ ಹೋಗುವವರು ತಾವೂ ನಗುತ್ತಿದ್ದರು. ಆದರೆ ಎರಡು ವರ್ಷದಿಂದ ನಗು ಬಂದ ಕೂಡಲೇ ಅಂಗೈ ಬಾಯಿಗೆ ಹೋಗುತ್ತಿತ್ತು. ಮೇಲಿನ ಎರಡೂ ಕೋರೆಹಲ್ಲು ಜಾಗ ಸಿಗದೆ, ಸಾಲು ಬಿಟ್ಟು, ಒಸಡಿನ ಮೇಲೆ ಹತ್ತಿ ಕೂತಿದ್ದವು. ಕೆಳಗಿನ ಸಾಲಿನವು ಸಂತೆಯಲ್ಲಿ ನಿಂತವರ ಹಾಗೆ ಒಂದರ ಭುಜದ ಮೇಲೆ ಒಂದು. ಅವು ನನ್ನ ಹಲ್ಲುಗಳೇ. ನನಗೆ ನನ್ನ ಅವ್ವನಿಂದ ಬಂದವು. ಹಾಗಾಗಿ ಅವುಗಳಲ್ಲಿ ಏನಾದರೂ ದೋಷವಿದೆ ಎಂದು ನಮ್ಮಿಬ್ಬರಿಗೂ ಎಂದೂ ಅನಿಸಿರಲಿಲ್ಲ.

"ಅಪ್ಪ, ನನಗ ಸೈಕಲ್ ಬ್ಯಾಡ, ಹೊಸ ಮೊಬೈಲ್ ಬ್ಯಾಡ. ಹಲ್ಲಿಗೆ ಕ್ಲಿಪ್ ಹಾಕ್ಸು, ಸಾಕು," ಅಂದಳು ಒಂದು ದಿನ.

ಅವ್ವ ಮೊರದಲ್ಲಿದ್ದ ಅಕ್ಕಿಯನ್ನು ಅಲ್ಲೇ ಬಿಟ್ಟಳು. "ಹಲ್ಲ ಮ್ಯಾಲೆ ಹಲ್ಲಿದ್ದಾಕಿ ಮನೀಗೆ ಲಕ್ಷ್ಮಿ ಕಣಲೇ. ಸಂಡೂರಾಗ ನಮ್ಮಕ್ಕಗ ಹಿಂಗ ಇದ್ವು. ಆಕಿ ಕಾಲಿಟ್ಟ ಮನ್ಯಾಗೆಲ್ಲ ಹಾಲು ಉಕ್ಕಿತ್ತು."

"ಹಾಲು ಉಕ್ಕಿದ್ದು ಹಲ್ಲಿಂದಲ್ಲಜ್ಜಿ. ಒಲಿ ಮ್ಯಾಲೆ ಹಾಲಿಟ್ಟು ಆಕಿ ಪಕ್ಕದ ಮನೀಗೆ ಮಾತಾಡಾಕ ಹೊಕ್ಕಿದ್ಲು," ಅಂದು ಮಗಳು ನಕ್ಕಳು. ನಕ್ಕ ಕೂಡಲೇ ಅಂಗೈ ಮೇಲೆ ಬಂತು. ಅದನ್ನು ನೋಡಿಯೇ ನಾನು ಒಪ್ಪಿದ್ದು.

ನಾನು, ನನ್ನ ಹೆಂಡತಿ, ಮಗಳು, ಮೂವರೂ ಕಮಲಾಪುರದ ಮೇಲೆ ಬಸ್ಸಿನಲ್ಲಿ ಹೊಸಪೇಟೆಗೆ ಹೋದೆವು. ಹಲ್ಲಿನ ಆಸ್ಪತ್ರೆ ಹೊಸದು, ನೆಲವೆಲ್ಲ ಕನ್ನಡಿಯಂಥ ಟೈಲ್ಸು. ಆದರೆ ಒಳಕೋಣೆಯ ಬಾಗಿಲು ತೆಗೆದರೆ ಟೈಲ್ಸಿಗೆ ತಾಗಿ ಕರ್ರ್ ಅನ್ನುತ್ತಿತ್ತು. ಅಂಗಡಿಯಿಂದ ತಂದು ಸಿಕ್ಕಿಸಿದ ಬಾಗಿಲು. ಪ್ರತಿ ಸಲ ಅದು ಕೆರೆದಾಗಲೂ ನನ್ನ ಕೈ ತುರಿಸುತ್ತಿತ್ತು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಚುರುಕು ಮಾತು. ಹಲ್ಲಿನ ಎಕ್ಸ್‌ರೇ ತೆಗೆಸಿದರು, ಮೆತ್ತನೆ ಹಿಟ್ಟಿನಂಥದ್ದನ್ನು ಕಚ್ಚಿಸಿ ಅಚ್ಚು ತೆಗೆದರು. ಮುಂದಿನ ಸಲ ಹೋದಾಗ ಮೇಜಿನ ಮೇಲೆ ಮಗಳ ಎರಡೂ ದವಡೆಗಳು ಸುಣ್ಣದ ಕಲ್ಲಿನ ಹಾಗೆ ಬೆಳ್ಳಗೆ ಕೂತಿದ್ದವು.

"ನೋಡ್ರಿ ಮೇಸ್ತ್ರಿ, ಈಕಿ ಹಲ್ಲು ಅಪ್ಪಂದು ತಗೊಂಡಾಳ, ದವಡಿ ಅಮ್ಮಂದು ತಗೊಂಡಾಳ. ದೇವ್ರು ದೊಡ್ಡವು, ಗುಡಿ ಸಣ್ಣದು."

"ಆತಲ್ಲ," ಅಂದಳು ನನ್ನ ಹೆಂಡತಿ. "ಇನ್ನ ಮನ್ಯಾಗ ಏನ ಕೆಟ್ಟರೂ ನನ್ನ ದವಡಿ ಮ್ಯಾಲೇ ಬರ್ತೈತಿ."

"ನಾಲ್ಕು ಹಲ್ಲು ತೆಗೀಬೇಕಾಗ್ತೈತ್ರಿ," ಅಂದರು ಡಾಕ್ಟರಮ್ಮ.

"ನಾಲ್ಕ್ಯಾಕ್ರಿ? ಮ್ಯಾಲೆ ಹತ್ತಿ ಕುಂತಾವು ಎರಡು. ಆ ಎರಡು ತಗೀರಿ, ಮುಗೀತು," ಅಂದೆ ನಾನು.

"ಅವನ್ನ ತೆಗ್ಯಾಂಗಿಲ್ರಿ! ಕೋರೆಹಲ್ಲಿನ ಬೇರು ಭಾಳ ಉದ್ದ. ಬಾಯಿ ಮೂಲೀಗೆ ಅದೇ ಆಧಾರ. ಅದರ ಹಿಂದಿಂದು ತೆಗೀತೀವಿ. ನಡುವಿಂದ ಎಣಿಸಿದ್ರ ನಾಲ್ಕನೇದು. ಮ್ಯಾಲೆ ಎರಡು, ಕೆಳಗ ಎರಡು. ಆ ಜಾಗಕ್ಕ ಕೋರೆಹಲ್ಲನ್ನ ತಂತಿಲೆ ಸಾವಕಾಶ ಎಳದು ಕೂಡಸ್ತೀವಿ."

ಮೂಲೆಗಂಬ ಕೀಳಬಾರದು ಎಂಬುದು ಬಡಿಗನಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ಆ ನಾಲ್ಕನೆಯ ಹಲ್ಲು ಏನು ತಪ್ಪು ಮಾಡಿತ್ತು? ಹುಳುಕಿಲ್ಲ, ಸೊಟ್ಟಗಿಲ್ಲ, ತನ್ನ ಪಾಡಿಗೆ ತಾನು ನೆಟ್ಟಗೆ ಕೂತ ಹಲ್ಲು. ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿದವನನ್ನು ಎಬ್ಬಿಸಿ ಇಳಿಸಿ, ಬಾಗಿಲಲ್ಲಿ ಜೋತುಬಿದ್ದು ಬಂದವನನ್ನು ಅಲ್ಲಿ ಕೂಡಿಸುವ ನ್ಯಾಯ ಇದು.

"ಒಳ್ಳೇ ಹಲ್ಲು ಕೀಳಾಕ ನಾ ಸಹಿ ಹಾಕಂಗಿಲ್ರಿ," ಅಂದೆ. "ಬಾಗಿಲು ಕೂಡದಿದ್ರ ಅಂಚಿಗೆ ಅಷ್ಟಿಷ್ಟು ರಂದಾ ಹೊಡದು ಹೆರೀತೀವಿ. ಹಲಗೀನ ಕಿತ್ತು ಒಗಿಯಂಗಿಲ್ಲ."

ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಬೆರಳು ಮಡಿಚಿ ಹೇಳಿದರು. ಒಂದು, ಹಲ್ಲಿನ ಸಾಲನ್ನೇ ಮುಂದಕ್ಕೆ ದೂಡಿ ಅಗಲ ಮಾಡಬಹುದು. ಆದರೆ ಈಕೆಯ ತುಟಿ ಈಗಲೇ ಮುಂದಿದೆ. ಇನ್ನೂ ದೂಡಿದರೆ ಬಾಯಿ ಮುಚ್ಚುವುದು ಕಷ್ಟ, ಹಲ್ಲು ಎಲುಬಿನ ಅಂಚಿಗೆ ಬರುತ್ತವೆ. ಎರಡು, ಹಲ್ಲುಗಳ ನಡುವೆ ಚೂರೇ ಚೂರು ಉಜ್ಜಿ ಜಾಗ ಮಾಡಬಹುದು, ಇಕ್ಕಟ್ಟು ಸ್ವಲ್ಪ ಇದ್ದಾಗ ಅದು ಸಾಕು. ಈಕೆಗೆ ಸಾಲುವುದಿಲ್ಲ. ಮೂರು, ತೆಗೆಯುವುದು.

"ಎಲ್ಲಾರಿಗೂ ತೆಗೀಬೇಕಂತಿಲ್ರಿ. ಈಕಿಗೆ ಬೇಕು. ಅವಸರಿಲ್ಲ, ಒಂದು ವಾರ ಇಚಾರ ಮಾಡ್ರಿ."

ನಾನು ಮಗಳ ಮುಖ ನೋಡಿದೆ. "ಅಪ್ಪ ಒಪ್ಪಿದ್ರ ಅಷ್ಟ," ಅಂದಳು. ಹಾಗಂದವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಗ ಅವಳು ನಗುತ್ತಲೂ ಇರಲಿಲ್ಲ.

ಇಚಾರ ಮಾಡಲು ನನಗೆ ತಲೆಗಿಂತ ಕೈ ಬೇಕು. "ಆ ದವಡಿ ಒಂದು ವಾರ ನನಗ ಕೊಡ್ರಿ," ಅಂದೆ. ಇನ್ನೊಂದು ಜೊತೆ ಇದೆ, ಒಯ್ಯಿರಿ ಅಂದರು. ಹೆಂಡತಿ ಮಧ್ಯಾಹ್ನದ ಬುತ್ತಿ ತಂದಿದ್ದ ಡಬ್ಬಿಯನ್ನು ತೊಳೆದು ಮೇಲಿನ ದವಡೆಯನ್ನು ಅದರಲ್ಲಿಟ್ಟುಕೊಂಡೆವು. ವಾಪಸ್ ಬರುವಾಗ ಬಸ್ಸಿನಲ್ಲಿ, ಒಡೆದಿದೆಯೋ ಏನೋ ಎಂದು ನಾನು ಮುಚ್ಚಳ ತೆಗೆದೆ. ಕಂಡಕ್ಟರು ಅದೇ ಹೊತ್ತಿಗೆ ಬಗ್ಗಿದ.

"ಯಪ್ಪಾ! ಯಾರ್ದ್ರೀ ಈ ಹಲ್ಲು?"

"ಮಗಳದು."

ಆತ ಒಂದು ಗಳಿಗೆ ದವಡೆಯನ್ನು ನೋಡಿದ, ಪಕ್ಕದಲ್ಲಿದ್ದ ಮಗಳನ್ನು ನೋಡಿದ. "ಹೆಣ್ಮಕ್ಕಳ ಹಲ್ಲಾ? ಹಂಗಾದ್ರ ಫ್ರೀ. ಆಧಾರ್ ಕಾರ್ಡ್ ಮಾತ್ರ ತೋರಸ್ರಿ." ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಮಗಳೂ ನಕ್ಕಳು. ಕೈ ಮಾತ್ರ ಬಾಯಿಯ ಮೇಲೇ ಇತ್ತು.

ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಕೆಲಸಕ್ಕೆ ಕೂತೆ. ಬೇರೆ ಕೆಲಸವನ್ನೆಲ್ಲ ಬದಿಗೆ ಸರಿಸಿದ್ದೆ. ಸಿಮೆಂಟಿನ ಕೆಲಸದವರು ಕಂಬಿ ಕಟ್ಟುವ ತೆಳು ತಂತಿಯನ್ನು ದವಡೆಯ ಕಮಾನಿಗೆ ಬಗ್ಗಿಸಿ ಅಳತೆ ಹಿಡಿದೆ. ಅದಕ್ಕೆ ನಾಲ್ಕು ಪಟ್ಟು ದೊಡ್ಡದಾಗಿ ಹಲಗೆಯ ಮೇಲೆ ಕಮಾನು ಬರೆದು, ಉಳಿಯಿಂದ ಅದರುದ್ದಕ್ಕೂ ಗಾಡಿ, ಅಂದರೆ ಹಲ್ಲು ಕೂರುವ ಕಾಲುವೆ, ಕೊರೆದೆ. ಒಂದೊಂದು ಹಲ್ಲಿನ ಅಗಲವನ್ನೂ ಕೈವಾರದಲ್ಲಿ ಹಿಡಿದು, ನಾಲ್ಕು ಪಟ್ಟು ಮಾಡಿ, ಒಂದು ಸಾಗವಾನಿ ಪಟ್ಟಿಯ ಮೇಲೆ ಸಾಲಾಗಿ ಗೆರೆ ಹಾಕಿದೆ. ಹದಿನಾಲ್ಕು ಹಲ್ಲು. ಗೆರೆಯ ಮೇಲೆ ಗರಗಸ ಆಡಿಸಿದೆ. ಒಂದೊಂದು ತುಂಡಿನ ಎರಡೂ ಮಗ್ಗುಲಿಗೆ ರಂದಾ ಹೊಡೆದು ನುಣುಪು ಮಾಡಿದೆ. ಬೆನ್ನು ಸೆಟೆದದ್ದೂ ಗೊತ್ತಾಗಲಿಲ್ಲ. ಒಂದೊಂದಾಗಿ ಗಾಡಿಯಲ್ಲಿ ಕೂಡಿಸುತ್ತ ಹೋದೆ.

ಹದಿನಾಲ್ಕೂ ಕೂತವು! ಕೊನೆಯದು ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ಒಂದು ಹಲ್ಲೂ ಮೇಲೆ ಹತ್ತಲಿಲ್ಲ, ಒಂದೂ ತಿರುಗಲಿಲ್ಲ. ನಲವತ್ತೈದು ದಾಟಿದ ನಾನು ಮರದ ಹೊಟ್ಟಿನ ಮೇಲೆ ಕುಣಿದೆ. ಓದಿದವರಿಗೆ ಆಗದ್ದನ್ನು ಏಳನೇ ತರಗತಿಯವನು ಒಂದು ಭಾನುವಾರದಲ್ಲಿ ಮಾಡಿ ತೋರಿಸಿದ್ದ. ಮರದ ದವಡೆಯನ್ನು ಎದೆಗೆ ಅವಚಿಕೊಂಡು ಮನೆಗೆ ಓಡಿದೆ.

ಅವ್ವ ನೋಡಿದವಳೇ ದೃಷ್ಟಿ ತೆಗೆದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ. ನನಗಲ್ಲ, ದವಡೆಗೆ. ಹೆಂಡತಿ ಮಾತ್ರ ಸೊಂಟದ ಮೇಲೆ ಕೈ ಇಟ್ಟು, "ಹಲ್ಲು ನೆಟ್ಟಗಾಗಿದ್ದು ಆಕಿಗೋ, ಹಲಗಿಗೋ?" ಅಂದಳು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಅವಳಿಗೆ ಡಾಕ್ಟರ ಮುಂದೆಯೇ ತೋರಿಸಿ ಬೆರಗು ಮಾಡಬೇಕೆಂದು, ದವಡೆಯನ್ನು ಅಕ್ಕಿ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ.

ವಾರ ತುಂಬಿದ ದಿನ ಹೊಸಪೇಟೆಯ ಆ ಬಾಗಿಲು ಕರ್ರ್ ಅಂದಾಗ ನಾನು ಮದುಮಗನ ಹಾಗೆ ಒಳಗೆ ಹೋದೆ. ಮೇಜಿನ ಮೇಲೆ ಚೀಲ ಬಿಚ್ಚಿದೆ. ಡಾಕ್ಟರಮ್ಮ ಎದ್ದೇ ನಿಂತರು. ಅವರ ಸಹಾಯಕಿ ಹುಡುಗಿ ಮೊಬೈಲಿನಲ್ಲಿ ಫೋಟೋ ತೆಗೆದಳು.

"ಕುಂದ್ರಿ ಮೇಡಂ, ಎಣಿಸ್ರಿ. ಹದಿನಾಲ್ಕು. ಒಂದೂ ಕಿತ್ತಿಲ್ಲ. ಅಳತಿ ನಿಮ್ಮ ದವಡೀದ."

ಅವರು ಎಣಿಸಿದರು. ಹುಬ್ಬು ಗಂಟಾಯಿತು. ತಮ್ಮ ಕಾಗದ ತೆಗೆದರು, ಮತ್ತೆ ಎಣಿಸಿದರು. ನನಗೋ ಒಳಗೊಳಗೇ ಡೊಳ್ಳು ಬಾರಿಸುತ್ತಿತ್ತು. ಅಷ್ಟರಲ್ಲಿ ಮಗಳು ಒಂದು ಮರದ ಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಎತ್ತಿದಳು. ರಜೆ ಇದ್ದಾಗಲೆಲ್ಲ ಅಂಗಡಿಯಲ್ಲಿ ನನ್ನ ಜೊತೆ ಪಟ್ಟಿಗೆ ಗೆರೆ ಹಾಕಿ ಬೆಳೆದ ಹುಡುಗಿ.

"ಅಪ್ಪ, ಗೆರಿ ಎಲ್ಲಿ?"

"ಯಾವ ಗೆರಿ?"

"ಪೆನ್ಸಿಲ್ ಗೆರಿ. ಒಂದು ಹಲ್ಲಿನ ಅಂಚಿಗೂ ಗೆರಿ ಉಳಿದಿಲ್ಲ. ಒಂದೇ ಪಟ್ಟಿ ಮ್ಯಾಲೆ ಒಂದಕ್ಕೊಂದು ಅಂಟಿಸಿ ಗೆರಿ ಹಾಕಿ ಗೆರಿ ಮ್ಯಾಲೇ ಕೊಯ್ದೀಯೇನು?" ಅವಳ ಕಣ್ಣು ಅಗಲವಾದವು. "ಅಪ್ಪ! ಗರಗಸಕ್ಕ ಊಟ ಇಟ್ಟಿಲ್ಲ ನೀನು!"

ನನ್ನ ಕಿವಿ ಬಿಸಿಯಾದವು. ಗರಗಸ ಮರವನ್ನು ಬರೀ ಸೀಳುವುದಿಲ್ಲ, ತನ್ನ ದಪ್ಪದಷ್ಟನ್ನು ಪುಡಿ ಮಾಡಿ ತಿನ್ನುತ್ತದೆ. ಎರಡು ತುಂಡುಗಳ ನಡುವೆ ಅಷ್ಟು ಜಾಗ ಬಿಟ್ಟು ಗೆರೆ ಹಾಕಬೇಕು. ಅದನ್ನು ಅಪ್ಪ 'ಗರಗಸದ ಊಟ' ಅನ್ನುತ್ತಿದ್ದ. ಊಟ ಇಡದಿದ್ದರೆ ಅದು ನಿನ್ನ ಅಳತೆಯಲ್ಲೇ ಉಣ್ಣುತ್ತದೆ, ಎಂದು ನನ್ನ ತಲೆಗೆ ಮೊಟಕಿ ಕಲಿಸಿದ ಮೊದಲ ಪಾಠ. ನಾನು ಮಗಳಿಗೆ ಕಲಿಸಿದ ಮೊದಲ ಪಾಠವೂ ಅದೇ. ಆ ಭಾನುವಾರ ಗೆಲ್ಲುವ ಭರದಲ್ಲಿ ಅದೊಂದನ್ನೇ ಮರೆತಿದ್ದೆ. ಸಾಲದ್ದಕ್ಕೆ ಎರಡೂ ಮಗ್ಗುಲಿಗೆ ರಂದಾ ಬೇರೆ.

"ಗರಗಸ ಊಟ ಮಾಡೇತಿ, ರಂದಾ ಎಲಿ ಅಡಿಕಿ ಹಾಕ್ಕೊಂಡೈತಿ," ಅಂದಳು ನನ್ನ ಹೆಂಡತಿ ಮೂಲೆಯಿಂದ.

ಮಗಳು ನನ್ನ ಜೇಬಿನ ಕೈವಾರ ತೆಗೆದು ಸುಣ್ಣದ ಹಲ್ಲಿಗೂ ಮರದ ಹಲ್ಲಿಗೂ ಹಿಡಿದು ತೋರಿಸಿದಳು. ನಾಲ್ಕು ಪಟ್ಟು ಇರಬೇಕಾದದ್ದು ಪ್ರತಿ ಹಲ್ಲಿನಲ್ಲೂ ಚೂರು ಚೂರು ಕಡಿಮೆ. ಹದಿನಾಲ್ಕು ಚೂರು ಸೇರಿದರೆ ಸುಮಾರು ಎರಡು ಹಲ್ಲು. ಮೇಲಿನ ಸಾಲಿನ ಯಾವ ಎರಡು ಹಲ್ಲನ್ನು ಕೀಳಗೊಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆನೋ ಅವು ನನ್ನ ಅಂಗಡಿಯ ನೆಲದ ಮೇಲೆ ಹೊಟ್ಟಾಗಿ ಬಿದ್ದಿದ್ದವು, ಅವುಗಳ ಮೇಲೇ ನಾನು ಕುಣಿದಿದ್ದೆ.

ಡಾಕ್ಟರಮ್ಮನಿಗೆ ಗರಗಸದ ಊಟ ಎಂದರೇನೆಂದು ಮಗಳೇ ಬಿಡಿಸಿ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಮೇಸ್ತ್ರಿ, ನಾ ಎರಡನೇ ದಾರಿ ಅಂತ ಹೇಳಿದ್ನಲ್ರಿ, ಉಜ್ಜೋದು, ಅದನ್ನ ನೀವು ಮಾಡೀರಿ! ನಾವೂ ರಂದಾ ಹೊಡಿತೀವ್ರಿ, ಕೂದಲೆಳಿಯಷ್ಟು. ನೀವು ಹೊಡದಷ್ಟು ಹೊಡದ್ರ ಹಲ್ಲಿನ ಹೊರಗಿನ ಗಟ್ಟಿ ಪದರ ಹೋಗಿ, ಈಕಿ ಜಲ್ಮಪೂರ್ತಿ ತಣ್ಣೀರು ಕುಡಿಯಾಂಗಿಲ್ಲ."

ತಪ್ಪು ಕೆಲಸವನ್ನು ಹಾಗೇ ಬಿಟ್ಟು ಏಳುವ ಅಭ್ಯಾಸ ನನಗಿಲ್ಲ. ಹಳೇ ಕ್ಯಾಲೆಂಡರಿನ ರಟ್ಟು ಕೇಳಿದೆ. ಗರಗಸ ತಿಂದಷ್ಟು, ರಂದಾ ತಿಂದಷ್ಟು ದಪ್ಪಕ್ಕೆ ಮಡಿಚಿ, ಒಂದೊಂದು ಮರದ ಹಲ್ಲಿಗೂ ಅಂಟಿಸಿ, ಅಳತೆ ಸರಿ ಮಾಡಿದೆ. ಮತ್ತೆ ಕೂಡಿಸಿದೆ. ಹನ್ನೆರಡು ಕೂತವು. ಎರಡು ಹಲ್ಲು ಕೈಯಲ್ಲಿ ಉಳಿದವು. ಗುದ್ದಿ ಕೂಡಿಸಲು ಹೋದರೆ ಮುಂದಿನ ಹಲ್ಲು ಗಾಡಿ ಬಿಟ್ಟು ಹೊರಕ್ಕೆ ಜಿಗಿದವು, ಡಾಕ್ಟರಮ್ಮ ಹೇಳಿದ್ದ ತುಟಿಯ ಹಾಗೆ. ಕೋರೆಹಲ್ಲನ್ನು ಹೊರಗಿಟ್ಟು ನೋಡಿದೆ, ಮೂಲೆ ಬೋಳಾಯಿತು, ಕಮಾನು ಚಪ್ಪಟೆ ಕಂಡಿತು. ಕಡೆಗೆ ನಾಲ್ಕನೆಯದನ್ನು ಎರಡೂ ಕಡೆ ತೆಗೆದು, ಕೋರೆಹಲ್ಲನ್ನು ಆ ಜಾಗಕ್ಕೆ ಸರಿಸಿದೆ. ಕೂತಿತು. ಮೂಲೆಗಂಬ ಮೂಲೆಗೆ ನಿಂತಿತು. ನನ್ನ ಕೈಯೇ ನನಗೆ ಹೇಳಿತ್ತು.

"ಏನ್ ಕಾಣ್ತು ಅಪ್ಪ?" ಅಂದಳು ಮಗಳು. ದನಿ ಸಣ್ಣಗಿತ್ತು.

"ಕೂಡಂಗಿಲ್ಲವ್ವ. ಮೇಡಂ ಹೇಳಿದ್ದ ಬರೋಬರಿ ಐತಿ. ಎಲ್ಲಿ ಹಾಕ್ಬೇಕ್ರಿ ಸಹಿ?"

ನನ್ನ ಸಹಿ ಚೆಂದ. ಏಳನೇ ತರಗತಿಯವರೆಗೆ ಕಾಪಿ ಬರೆದ ಕೈ. ಅವತ್ತು ಎಂದಿಗಿಂತ ದುಂಡಗೆ ಹಾಕಿದೆ.

ಎಡಗಡೆಯವು ಎರಡು ಒಂದು ದಿನ, ಬಲಗಡೆಯವು ಎರಡು ಮುಂದಿನ ವಾರ ಎಂದು ಗೊತ್ತಾಯಿತು. ಮೊದಲ ದಿನ ಮಗಳು ಕುರ್ಚಿಯಲ್ಲಿ ಒರಗಿದ ಕೂಡಲೇ ಡಾಕ್ಟರಮ್ಮ ನನ್ನನ್ನು ಹೊರಗೆ ಕಳಿಸಿದರು. ನಾನು ಸೂಜಿ ನೋಡಿ ಬೆವರಿದ್ದು ಅವರಿಗೆ ಕಂಡಿತ್ತು. ಹೊರಗೆ ಕೂಡಲು ಆಗಲಿಲ್ಲ, ನಿಲ್ಲಲು ಆಗಲಿಲ್ಲ. ಹೆಗಲ ಚೀಲದಲ್ಲಿ ಸಣ್ಣ ರಂದಾ, ಸ್ಕ್ರೂಡ್ರೈವರ್ ಇದ್ದವು, ಯಾವಾಗಲೂ ಇರುತ್ತವೆ. ಎದುರಿಗೆ ಆ ಬಾಗಿಲು. ಏನಾಯಿತೋ, ಐದು ನಿಮಿಷದಲ್ಲಿ ಅದರ ಬಿಜಾಗರಿ ಬಿಚ್ಚಿ, ಬಾಗಿಲನ್ನು ಬೆನ್ನ ಮೇಲೆ ಹೊತ್ತು ಹೊರಟಿದ್ದೆ.

"ಏ ಅಣ್ಣಾ, ಬಾಗಲಾ ತಗೊಂಡು ಎಲ್ಲಿಗೆ ಹೊಂಟ್ರಿ?" ಸಹಾಯಕಿ ಹುಡುಗಿ ಕಿರುಚಿದಳು.

"ಬರ್ತೀನವ್ವ, ಇಲ್ಲೇ ಮೆಟ್ಟಿಲ ಮ್ಯಾಲೆ. ತಳಕ್ಕ ಎರಡು ಕೈ ರಂದಾ ಹೊಡೀತೀನಿ."

ಒಳಗೆ ಸುಂಯ್ ಸುಂಯ್ ಸದ್ದು, ಹೊರಗೆ ನನ್ನ ರಂದಾದ ಸರ್ ಸರ್. ಬಾಗಿಲಿಲ್ಲದ ಬಾಗಿಲಿನಿಂದ ಡಾಕ್ಟರಮ್ಮನ ದನಿ ಕೇಳಿಸಿತು: "ನಗಬ್ಯಾಡವ್ವ, ನಗಬ್ಯಾಡ, ಇಕ್ಕಳ ಜಾರ್ತೈತಿ! ಮೇಸ್ತ್ರಿ, ಒಂದೆರಡು ನಿಮಿಷ ನಿಲ್ಲಸ್ರಿ ನಿಮ್ಮ ಕೆಲಸಾ!" ನಿಲ್ಲಿಸಿದೆ. ಉಸಿರನ್ನೂ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಟಣ್ ಎಂದು ತಟ್ಟೆಯಲ್ಲಿ ಏನೋ ಬಿತ್ತು. ಮತ್ತೊಂದು ಟಣ್. ಮಗಳು ಅಳಲಿಲ್ಲ. ನಾನು ಮೂಗು ಒರೆಸಿಕೊಂಡೆ, ಮರದ ಪುಡಿ ಹೋಗಿತ್ತು ಅಂತ ಇಟ್ಟುಕೊಳ್ಳಿ.

ಬಾಗಿಲು ಮತ್ತೆ ಕೂಡಿಸಿದಾಗ ಸದ್ದೇ ಇಲ್ಲದೆ ತೆರೆಯಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡ ಮಗಳು ಅದನ್ನು ಮೂರು ಸಲ ತೆರೆದು ಮುಚ್ಚಿ ನೋಡಿ ಹೆಬ್ಬೆರಳು ಎತ್ತಿದಳು.

ಮುಂದಿನ ವಾರ ಉಳಿದ ಎರಡೂ ಕಿತ್ತು ಬಂದವು. ಕೇಳಿದೆವೆಂದು ನಾಲ್ಕನ್ನೂ ಹತ್ತಿಯಲ್ಲಿ ಸುತ್ತಿ ಕೊಟ್ಟರು. ಮನೆಗೆ ಬಂದು ನಾನು ಕೈಕಾಲು ತೊಳೆದು ಹಿತ್ತಲಿಗೆ ಹೋದರೆ ಏನು ನೋಡುವುದು! ಮಾಳಿಗೆಗೆ ಏಣಿ ಹಚ್ಚಿ, ಎಪ್ಪತ್ತರ ನಮ್ಮ ಅವ್ವ ಸೀರೆ ಎತ್ತಿ ಕಟ್ಟಿ ಮೂರನೆಯ ಮೆಟ್ಟಿಲು ಏರಿದ್ದಾಳೆ. ಕೈಯಲ್ಲಿ ಸಗಣಿ ಉಂಡೆ. ಕೆಳಗೆ ಮಗಳು ಎರಡೂ ಕೈಯಿಂದ ಏಣಿ ಹಿಡಿದಿದ್ದಾಳೆ.

"ಅವ್ವಾ, ಏನ್ ಮಾಡಾಕತ್ತಿ?"

"ಮತ್ತೇನು ಮಾಡ್ತಾರ? ಹಲ್ಲು ಹೋದ್ರ ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗೀಬೇಕು. ನೀ ಸಣ್ಣವಿದ್ದಾಗ ನಿನ್ನವು ಎಲ್ಲಾ ನಾನೇ ಒಗದೀನಿ. 'ಹಳೇದು ನೀ ತಗೋ, ಹೊಸಾದು ನಮಗ ಕೊಡು' ಅಂದ್ರ..."

"ಬ್ಯಾಡವ್ವಾ! ಒಗೀಬ್ಯಾಡ! ನಿನ್ನ ಕಾಲಿಗೆ ಬೀಳ್ತೀನಿ!" ನಾನು ಓಡಿದೆ. "ಹೊಸಾ ಹಲ್ಲು ಬಂದ್ರ ಗತಿಯೇನು? ಮತ್ತ ಅಲ್ಲೇ ಹುಟ್ಟಿದ್ರ? ಜಾಗ ಮಾಡಾಕ ಎಷ್ಟು ಪಾಡು ಪಟ್ಟೀನಿ, ಆ ನಾಲ್ಕೂ ವಾಪಸ್ ಬಂದು ಕುಂತ್ರ ಯಾರು ಎಬ್ಬಿಸೋರು?"

ಒಂದು ಹಲ್ಲೂ ಕೀಳಗೊಡುವುದಿಲ್ಲ ಎಂದು ಮರದ ದವಡೆ ಮಾಡಿದವನು ನಾನೇ, ಹಲ್ಲು ವಾಪಸ್ ಬರಬಾರದೆಂದು ಏಣಿಯ ಬುಡದಲ್ಲಿ ಕೈ ಮುಗಿದು ನಿಂತವನೂ ನಾನೇ. ಅವ್ವ ಮೇಲಿನಿಂದ ನನ್ನನ್ನು ದಿಟ್ಟಿಸಿದಳು. ಅವಳ ಕೋರೆಹಲ್ಲು ಎರಡೂ ಹೊರಗೆ ಬಂದವು. "ಲೇ, ನಾ ಒಗದಿದ್ದಕ್ಕ ನಿನಗ ಬಂದಾವಲ್ಲೋ ಆ ಹಲ್ಲು! ಅವತ್ತ ಸುಮ್ನ ತಿಪ್ಪಿಗೆ ಒಗದಿದ್ರ ಇವತ್ತ ಈ ತಂಟೇನ ಇರ್ತಿರ್ಲಿಲ್ಲ!"

ಅಲ್ಲಿಗೆ ಮಗಳು ಸ್ಫೋಟಗೊಂಡಳು. ಬಾಯಿ ಪೂರ್ತಿ ತೆರೆದು, ನಾಲ್ಕು ಸಂದಿ ಕಾಣುವಂತೆ, ಇನ್ನೂ ಮರಗಟ್ಟಿದ ಬಲ ತುಟಿ ಒಂದು ಕಡೆ ಜೋತು, ಬೀದಿಗೆ ಕೇಳುವಂತೆ ನಕ್ಕಳು. ಎರಡು ವರ್ಷದ ಮೇಲೆ ಆ ನಗುವನ್ನು ನಾನು ಇಡಿಯಾಗಿ ನೋಡಿದೆ. ಕೈ ಬಾಯಿಗೆ ಹೋಗಲಿಲ್ಲ. ಹೋಗುವ ಹಾಗೂ ಇರಲಿಲ್ಲ. ಬಿಟ್ಟರೆ ಅಜ್ಜಿ ಬೀಳುತ್ತಿದ್ದಳು.

"ಹಿಡ್ಕೋ, ಬಿಡಬ್ಯಾಡ!" ಅಂದೆ ನಾನು. ಅವ್ವನನ್ನು ಇಳಿಸಿಕೊಳ್ಳಲು ನನಗೇನೂ ಅವಸರವಿರಲಿಲ್ಲ.